ಹೆಸರಿಗೆ ಬಿಟ್ಟ ಜಾಗ

ಕಿಜಿಲ್-ಜಾರ್, ನಾರಿನ್
14 ಡಿಸೆಂಬರ್ 1997, ಭಾನುವಾರ

ಪುಟ್ಟೀ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ನಾಲ್ಕು ಬಕೆಟ್ ನೀರು ತಂದೆ. ಕಂದು ಹಸು ಹಾಲು ಬತ್ತಿಸಿದೆ. ನಿಮ್ಮಣ್ಣ ಕಲ್ಲಿದ್ದಲು ತರಲು ಲಾರಿಯಲ್ಲಿ ಹೋಗಿದ್ದಾರೆ. ಮಾವ ಒಲೆಯ ಪಕ್ಕ ಕೂತು ನೀನು ಕಳಿಸಿದ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಾರೆ. ಇನ್ನು ಮುಂದಿನದು ಅವರ ಮಾತು. ನಾನು ಬರೆಯುವ ಕೈ ಮಾತ್ರ.

"ಮಗಳೇ, ಆಕಾಶದಿಂದ ತೆಗೆದ ಚಿತ್ರ ನೋಡಿ ನೀನು ಬರೆದ ನಕ್ಷೆ ಬಂತು. ಮೊದಲು ಬೆಟ್ಟ ಯಾವುದು ಹಳ್ಳ ಯಾವುದು ಗೊತ್ತಾಗಲಿಲ್ಲ. ಕುರಿ ಮೇಯ್ತಾ ಹೋಗೋದು ದಕ್ಷಿಣಕ್ಕೆ, ಮೇಲಕ್ಕೆ. ನಿಮ್ಮ ಅಮೆರಿಕದವರು ಉತ್ತರಾನ ಮೇಲಿಟ್ಟಿದ್ದಾರೆ. ಅವರ ಪ್ರಕಾರ ನಾನು ಐವತ್ತು ವರ್ಷ ಕುರಿಗಳನ್ನ ಗುಡ್ಡದಿಂದ ಕೆಳಕ್ಕೆ ಉರುಳಿಸಿದ್ದೀನಿ. ತಿರುಗಿಸಿ ಹಿಡಿದ ಮೇಲೆ ಎಲ್ಲಾ ಗೊತ್ತಾಯ್ತು.

"ನೀನು ನಂಬರು ಹಾಕಿರೋ ಕಡೆಗಳ ಹೆಸರು ಹೇಳ್ತೀನಿ. ಒಂದು, ಬೂದು ಕತ್ತೆ ಇಳಿಜಾರು. ಎರಡು, ಗಾಳಿಬಾಯಿ. ಮೂರಕ್ಕೆ ಹೆಸರಿಲ್ಲ, ಅಲ್ಲಿ ಹುಲ್ಲೂ ಇಲ್ಲ. ನಾಲ್ಕು, ಬೀಗತಿಯರ ಬಂಡೆ. ಎರಡೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ, ನೀನೇ ನೋಡಿದ್ದೀಯ. ಐದು, ನನ್ನ ಕುದುರೆ ಕಾಲು ಮುರ್ಕೊಂಡ ಹಳ್ಳ. ನಕ್ಷೇಲಿ ಬರೀ 'ಕುದುರೆ ಹಳ್ಳ' ಅಂತ ಹಾಕು, ನನ್ನ ಮರ್ಯಾದೆ ತೆಗೀಬೇಡ."

ಹೀಗೆ ಎಂಟರವರೆಗೆ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಒಂಬತ್ತಕ್ಕೆ ಎಂದಿನಂತೆ ಜಾಗ ಬಿಟ್ಟೆ. ಮಾವ ಕನ್ನಡಕದ ಮೇಲಿಂದ ನೋಡಿದರು. "ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ನನ್ನಪ್ಪನ ಹೆಸರು ಬರೆಯೋಕೆ ಇನ್ನೂ ಇವಳ ಕೈ ಬರಲ್ಲ. ಸತ್ತು ಮೂವತ್ತು ವರ್ಷ ಆದೋರು ಎದ್ದು ಬಂದು ಗದರ್ತಾರಾ?"

"ಸೊಸೆ ಬಾಯಲ್ಲಿ ಹಿರಿಯರ ಹೆಸರು ಬರಬಾರದು ಮಾವ. ಬಾಯಲ್ಲಿ ಬರದ್ದು ಕೈಯಲ್ಲಿ ಹೇಗೆ ಬರಬೇಕು? ನೀವೇ ಬರೀರಿ."

"ಇದನ್ನೂ ಬರಿ. ಅವಳು ಓದಿ ನಗಲಿ."

ಪೆನ್ನು ಅವರ ಕೈಗೆ ಕೊಡುತ್ತಿದ್ದೇನೆ.

ಒಂಬತ್ತು: ಸಾತಿಬಾಲ್ದಿ ಒರತೆ. ನಾನೇ ಬರೆದೆ. ಪೆನ್ನು ಸರಿ ಇಲ್ಲ. ಅಪ್ಪ.

ನಿನ್ನ ಅತ್ತಿಗೆ,
ಶಾರಿಪಾ

*

ಲಿಂಕನ್, ನೆಬ್ರಾಸ್ಕ
25 ಜನವರಿ 1998

ಅಪ್ಪ, ಅಣ್ಣ, ಅತ್ತಿಗೆ,

ನಿಮ್ಮ ಕಾಗದ ಬರಲು ಐದು ವಾರ ಹಿಡಿಯಿತು. ನಾವು ನಕ್ಷೆ ಬರೆಯುವ ಕೋಣೆ ನೆಲಮಾಳಿಗೆಯಲ್ಲಿದೆ, ಕಿಟಕಿ ಇಲ್ಲ. ಅಪ್ಪನ ಅಕ್ಷರ ಇರುವ ಪುಟವನ್ನು ನನ್ನ ಮೇಜಿನ ಗಾಜಿನಡಿ ಇಟ್ಟಿದ್ದೇನೆ. ಮೂರಕ್ಕೆ ಹೆಸರಿಲ್ಲ, ಅಲ್ಲಿ ಹುಲ್ಲೂ ಇಲ್ಲ ಎನ್ನುವುದನ್ನು ಲಿಂಡ್‌ಕ್ವಿಸ್ಟ್ ಮೇಡಂಗೆ ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು. "ನಿನ್ನ ಪ್ರಬಂಧ ಈ ಮಾತಿಂದಲೇ ಶುರುವಾಗಲಿ" ಅಂದರು. ನಮ್ಮ ಕಣಿವೆಗೆ ರಷ್ಯನ್ನರು ಕೊಟ್ಟ ನಂಬರುಗಳಿವೆ, ಕುರುಬರು ಕರೆಯುವ ಹೆಸರುಗಳು ಯಾವ ನಕ್ಷೆಯಲ್ಲೂ ಇಲ್ಲ. ಅಪ್ಪ ಹೇಳಿದ್ದನ್ನು ಮೊದಲ ಸಲ ಕಾಗದಕ್ಕೆ ಇಳಿಸುತ್ತಿರುವವಳು ನಾನೇ.

ವಾರಕ್ಕೆ ಎರಡು ದಿನ ಮೊದಲ ವರ್ಷದವರಿಗೆ ನಕ್ಷೆ ಓದುವುದು ಕಲಿಸುತ್ತೇನೆ. ಒಬ್ಬ, "ನಿಮ್ಮ ದೇಶ ಎಲ್ಲಿದೆ ತೋರಿಸಿ" ಅಂದ. ತೋರಿಸಿದೆ. "ಅಲ್ಲಿ ಬರೀ ಕಂದು ಬಣ್ಣ ಇದೆಯಲ್ಲ, ಊರೇ ಇಲ್ಲವಾ?" ಅಂದ. ಎತ್ತರದ ಜಾಗಕ್ಕೆ ಕಂದು ಹಚ್ಚುತ್ತಾರೆ ಎಂದು ವಿವರಿಸಲು ಅರ್ಧ ತರಗತಿ ಹೋಯಿತು. ಇಲ್ಲಿನ ನೆಲ ಲಟ್ಟಿಸಿದ ರೊಟ್ಟಿಯ ಹಾಗಿದೆ. ಬೆನ್ನಿಗೆ ಬೆಟ್ಟವಿಲ್ಲದೆ ಕೂರುವುದು ನನಗಿನ್ನೂ ಅಭ್ಯಾಸವಾಗಿಲ್ಲ.

ಒಂದು ವಿಷಯ ಅಪ್ಪನನ್ನು ಕೇಳಬೇಕು. ವಿದ್ಯಾರ್ಥಿವೇತನದವರು ಎರಡು ವರ್ಷದಲ್ಲಿ ಒಮ್ಮೆ ಊರಿಗೆ ಕಳಿಸುತ್ತಾರೆ. ನನ್ನ ಸರದಿ ಈ ಜೂನ್‌ನಲ್ಲಿ. ಅದೇ ಬೇಸಿಗೆಯಲ್ಲಿ ಮೇಡಂ ಪಶ್ಚಿಮದ ಮರಳುಗುಡ್ಡಗಳಿಗೆ ಹುಲ್ಲುಗಾವಲು ಅಳೆಯಲು ಹೋಗುತ್ತಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಹೋದರೆ ಮುಂದಿನ ಓದಿಗೆ ದಾರಿಯಾಗುತ್ತದೆ ಎನ್ನುತ್ತಾರೆ. ಎರಡರಲ್ಲಿ ಒಂದೇ ಆಗುವುದು. ಅಪ್ಪ ಬಾ ಅಂದರೆ ಬರುತ್ತೇನೆ. ಮಾರ್ಚ್ ಕೊನೆಯೊಳಗೆ ನಾನು ಹೇಳಬೇಕು.

ಹತ್ತರಿಂದ ಇಪ್ಪತ್ತರವರೆಗಿನ ಹಾಳೆ ಇದರ ಜೊತೆಗಿದೆ.

ಬುರುಲ್

*

ಕಿಜಿಲ್-ಜಾರ್
26 ಫೆಬ್ರವರಿ 1998, ಗುರುವಾರ

ಪುಟ್ಟೀ,

ಬೆಳಿಗ್ಗೆ ಹನ್ನೊಂದು. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ. ಇವತ್ತು ಹಸುವಿಗೆ ಹುಲ್ಲು ಹಾಕಿದೆ, ನೀರು ತಂದೆ, ಬಂದವರಿಗೆಂದು ಎರವಲು ತಂದಿದ್ದ ಬಟ್ಟಲುಗಳನ್ನು ತೊಳೆದು ಎಣಿಸಿ ಪಕ್ಕದ ಮನೆಗೆ ವಾಪಸು ಕೊಟ್ಟೆ. ಮೂರು ಒಡೆದಿವೆ.

ಮಾವ ಹದಿನೇಳನೇ ತಾರೀಖು ಹೋದರು. ಮರಿ ಹಾಕಲಿದ್ದ ಕುರಿಯನ್ನು ನೋಡಿ ಬರುತ್ತೇನೆ ಎಂದು ಕೊಟ್ಟಿಗೆಗೆ ಹೋದವರು ಹುಲ್ಲಿನ ಮೇಲೆ ಕೂತಿದ್ದರು. ನಾನು ಚಹಾಕ್ಕೆ ಕರೆಯಲು ಹೋದೆ. ಕೈ ಇನ್ನೂ ಬೆಚ್ಚಗಿತ್ತು. ಕುರಿ ಮರಿ ಹಾಕಿತ್ತು. ಕಳೆದ ಗುರುವಾರ ಮಣ್ಣು ಮಾಡಿದರು. ನೆಲ ಹೆಪ್ಪುಗಟ್ಟಿತ್ತು, ಬೆಂಕಿ ಹಾಕಿ ಕರಗಿಸಿ ಅಗೆದರು. ಅಂಗಳದಲ್ಲಿ ಹಾಕಿದ ಬಿಳಿ ಡೇರೆಯೊಳಗೆ ಹೆಂಗಸರು ರೂಢಿಯಂತೆ ಗೋಡೆಗೆ ಮುಖ ಮಾಡಿ ಕೂತು ಹಾಡಿ ಅತ್ತೆವು. ಹಿಂದಿನಿಂದ ಯಾರೋ "ಮಗಳೆಲ್ಲಿ?" ಅಂದರು. ನಾನು ತಿರುಗಲಿಲ್ಲ.

ನಿನ್ನ ಕಾಗದ ಮಣ್ಣು ಮಾಡಿದ ಮಾರನೇ ದಿನ ಬಂತು. ನಿಮ್ಮಣ್ಣ ಅದನ್ನು ಹಿರಿಯರ ಮುಂದೆ ಓದಿದರು. ಚಿಕ್ಕಮಾವ ಹೇಳಿದರು, "ಸಾವಿನ ಸುದ್ದಿ ಕಾಗದದಲ್ಲಿ ಕಳಿಸೋದು ನಮ್ಮಲ್ಲಿಲ್ಲ. ದೂರದಲ್ಲಿರೋ ಮಗುವನ್ನ ಕರೆಸಿ, ಮಧ್ಯೆ ಕೂರಿಸಿ, ಎರಡೂ ಕಡೆ ಹಿಡ್ಕೊಂಡು ಹಿರಿಯರು ಬಾಯಾರೆ ಹೇಳಬೇಕು. ಅಲ್ಲಿ ಅವಳನ್ನ ಹಿಡಿಯೋರು ಯಾರಿದ್ದಾರೆ? ಅಪ್ಪ ನೋಡಬೇಕು ಅಂತಿದ್ದಾರೆ, ಜೂನ್‌ನಲ್ಲಿ ಬಾ ಅಂತ ಬರಿ, ಸೊಸೆ. ಬಂದ ಮೇಲೆ ಹೇಳೋಣ."

ಇದು ಸರಿ ಅನ್ನಿಸಿತು. ತಲೆಯಾಡಿಸಿದೆ. ಆಮೇಲೆ ಚಹಾ ಬಗ್ಗಿಸುವಾಗ ಮುಂದಿನ ಮಾತು ಕಿವಿಗೆ ಬಿತ್ತು.

"ಬಂದ ಮೇಲೆ ಮತ್ತೆ ಹೋಗೋದು ಏನೂ ಬೇಡ. ನಮ್ಮಣ್ಣ ಮುದ್ದು ಮಾಡಿ ಕಳಿಸಿದ, ಈಗ ಅವನಿಲ್ಲ. ಇಪ್ಪತ್ಮೂರು ಆಯ್ತು ಹುಡುಗಿಗೆ. ದನದ ಡಾಕ್ಟರ ಮಗ ಕೇಳ್ತಾನೇ ಇದ್ದಾನೆ. ಪಾಸ್‌ಪೋರ್ಟು ನನ್ನ ಪೆಟ್ಟಿಗೇಲಿ ಇದ್ದರೆ ಎಲ್ಲಿಗೆ ಹೋಗ್ತಾಳೆ?"

ನಿಮ್ಮಣ್ಣ ಬಟ್ಟಲು ಮುಂದಕ್ಕೆ ಚಾಚಿದರು. ನಾನು ತುಂಬಿಸಿದೆ.

ನನಗೂ ಒಮ್ಮೆ ನಾರಿನ್‌ನ ಶಿಕ್ಷಕರ ಶಾಲೆಯಿಂದ ಕಾಗದ ಬಂದಿತ್ತು, ಸೀಟು ಸಿಕ್ಕಿದೆ ಎಂದು. ಆ ಸೆಪ್ಟೆಂಬರ್‌ನಲ್ಲಿ ಈ ಮನೆಗೆ ಬಂದೆ. ನಿನಗೆ ಒಂಬತ್ತು ವರ್ಷ, ತಲೆ ತುಂಬ ಹೇನು. ಅದನ್ನು ತೆಗೆಯುತ್ತಾ ನನ್ನ ಮೊದಲ ಚಳಿಗಾಲ ಹೋಯಿತು.

*

ಕಿಜಿಲ್-ಜಾರ್
3 ಮಾರ್ಚ್ 1998, ಮಂಗಳವಾರ

ಪುಟ್ಟೀ,

ಸಂಜೆ ನಾಲ್ಕು ಗಂಟೆ. ಇವತ್ತು ಬಟ್ಟೆ ಒಗೆದೆ, ಒಣಗಲಿಲ್ಲ. ಮನೆಯಲ್ಲಿ ಎಲ್ಲರೂ ಕ್ಷೇಮ. ಮಾವ ಹೇಳಿದ್ದನ್ನು ಬರೆಯುತ್ತಿದ್ದೇನೆ.

"ಮಗಳೇ, ನಿನ್ನ ಕಾಗದ ತಲುಪಿತು. ಸಂತೋಷವಾಯಿತು. ಜೂನ್‌ನಲ್ಲಿ ನೀನು ಬರುವುದು ಬೇಡ. ಹಿಡಿದ ಕೆಲಸ ಮುಗಿಸು. ನಿನ್ನ ಮೇಡಂ ಜೊತೆ ಹೋಗಿ ಅಲ್ಲಿನ ಹುಲ್ಲು ನೋಡು. ನಾನು ಚೆನ್ನಾಗಿದ್ದೇನೆ, ನನ್ನ ಚಿಂತೆ ಮಾಡಬೇಡ. ಓದು ಮುಗಿದ ಮೇಲೆ ಬಂದರೆ ಸಾಕು."

ಹೆಸರುಗಳು: ಹತ್ತು, ಕೆಂಪು ದಂಡೆ. ಹನ್ನೊಂದು, ಹಾಲು ಚೆಲ್ಲಿದ ದಿಬ್ಬ. ಹನ್ನೆರಡು, ಹಳೇ ಕೊಟ್ಟಿಗೆ. ಹದಿಮೂರು, ಕೆಳಗಿನ ಕಪ್ಪುಗುಡ್ಡ. ಹದಿನಾಲ್ಕು, ದೊಡ್ಡವರ ದಾರಿ. ಉಳಿದವು ಹಿಂದಿನ ಪುಟದಲ್ಲಿ.

ಬೆಚ್ಚಗೆ ಬಟ್ಟೆ ಹಾಕಿಕೋ.

ಶಾರಿಪಾ

*

ಲಿಂಕನ್
5 ಏಪ್ರಿಲ್ 1998

ಅತ್ತಿಗೆ,

ನಿಮ್ಮ ಕಾಗದ ಮಾರ್ಚ್ 27ಕ್ಕೆ ಬಂತು. ಮೇಡಂಗೆ ಹೇಳಬೇಕಾದ ದಿನಕ್ಕೆ ಸರಿಯಾಗಿ ನಾಲ್ಕು ದಿನ ಮೊದಲು. ಕೂಡಲೇ ಹೋಗಿ ಬೇಸಿಗೆಯ ಕೆಲಸಕ್ಕೆ ಸಹಿ ಹಾಕಿದೆ. ಅಪ್ಪ ಬೇಡ ಅಂದಿದ್ದು ಓದಿ ಒಂದು ನಿಮಿಷ ಬೇಜಾರಾಯಿತು, ಆಮೇಲೆ ಹಗುರವಾಯಿತು. ನಿಜ ಹೇಳುತ್ತೇನೆ, ನನಗೂ ಅಲ್ಲಿಗೆ ಹೋಗುವ ಆಸೆಯೇ ಹೆಚ್ಚಿತ್ತು. ಅಪ್ಪನಿಗೆ ಇದನ್ನು ಓದಿ ಹೇಳಬೇಡಿ.

ಅಪ್ಪ ಈ ಸಲ ಯಾರನ್ನೂ ಬೈದಿಲ್ಲ. ಅಣ್ಣನ ಲಾರಿಯನ್ನೂ ಬೈಯದೆ ಬಿಟ್ಟಿದ್ದಾರೆ. ಹದಿನಾಲ್ಕಕ್ಕೆ ನೀವು ಜಾಗ ಬಿಟ್ಟಿಲ್ಲ, ಅಪ್ಪ ಬರೆದೂ ಇಲ್ಲ. ಅದು ಜುಮಾಲಿ ದೊಡ್ಡಪ್ಪನ ದಾರಿ, ನನಗೇ ಗೊತ್ತು. ಅಪ್ಪನ ಕೈಗೆ ಏನಾದರೂ ಆಗಿದೆಯಾ? ಬರೆಯಿರಿ. ಅಂಚೆ ಕಚೇರಿಯ ಫೋನು ರಿಪೇರಿಯಾಯಿತಾ?

ಬುರುಲ್

*

ಕಿಜಿಲ್-ಜಾರ್
10 ಮೇ 1998, ಭಾನುವಾರ

ಪುಟ್ಟೀ,

ಬೆಳಿಗ್ಗೆ ಒಂಬತ್ತು. ಕುರಿಗಳ ಉಣ್ಣೆ ಕತ್ತರಿಸುವುದು ನಿನ್ನೆ ಮುಗಿಯಿತು. ನನ್ನ ಬೆರಳು ಬಾತಿವೆ, ಅದಕ್ಕೇ ಅಕ್ಷರ ಹೀಗೆ.

ಮಾವನ ಬಲಗೈ ನಡುಗುತ್ತದೆ, ಪೆನ್ನು ಹಿಡಿಯಲಾಗುವುದಿಲ್ಲ. ಬೇರೇನೂ ಇಲ್ಲ. ಫೋನಿನ ತಂತಿ ಹಿಮಕ್ಕೆ ಬಿದ್ದದ್ದು ಹಾಗೇ ಇದೆ. ಮುಂದಿನ ವಾರ ಬೇಸಿಗೆ ಹುಲ್ಲುಗಾವಲಿಗೆ ಹೊರಡುತ್ತೇವೆ. ಕಾಗದ ತಡವಾದರೆ ಹೆದರಬೇಡ.

ಶಾರಿಪಾ

*

ಚೆರ್ರಿ ಕೌಂಟಿ, ನೆಬ್ರಾಸ್ಕ
14 ಜುಲೈ 1998

ಅಪ್ಪ, ಅತ್ತಿಗೆ,

ಇಲ್ಲಿ ಮರಳಿನ ಗುಡ್ಡಗಳ ಮೇಲೆಲ್ಲ ಹುಲ್ಲು. ಮನೆಗಿಂತ ಎತ್ತರದ ಗಾಳಿಯಂತ್ರಗಳು ದನಗಳಿಗೆ ನೀರು ಎತ್ತುತ್ತವೆ. ದಿನವೂ ಒಂದು ಮೀಟರಿನ ಚೌಕಟ್ಟು ನೆಲಕ್ಕಿಟ್ಟು ಅದರೊಳಗಿನ ಹುಲ್ಲು ಎಣಿಸುತ್ತೇವೆ. ಜಾಗದ ಒಡತಿ ಮಿಸೆಸ್ ಡ್ವೊರಾಕ್ ಎಪ್ಪತ್ತು ದಾಟಿದವರು, ಬಾಯಿ ಜೋರು. ನಾನು ಹುಲ್ಲಿನ ಕಾಂಡ ಕಚ್ಚಿ ರುಚಿ ನೋಡುವುದನ್ನು ಕಂಡು ಮೇಡಂಗೆ ಹೇಳಿದರು, "ನಿನ್ನ ಉಳಿದ ಹುಡುಗರು ಹುಲ್ಲನ್ನು ಎಣಿಸ್ತಾರೆ. ಇವಳು ಹಸುವಿನ ಹಾಗೆ ತಿಂದು ನೋಡ್ತಾಳೆ. ಇವಳನ್ನ ಇಟ್ಕೋ."

ಅಪ್ಪನೇ ಕಲಿಸಿದ್ದು ಅಂದೆ. "ನಿಮ್ಮಪ್ಪ ಈಗ ಏನು ಮಾಡ್ತಿರ್ತಾರೆ?" ಎಂದು ಕೇಳಿದರು. ಡೇರೆಯ ಮುಂದೆ ಕೂತು ಯಾರ ಕುರಿ ದಾರಿ ತಪ್ಪಿದೆ ಎಂದು ಕೂಗಿ ಹೇಳುತ್ತಿರುತ್ತಾರೆ ಅಂದೆ. ಹೇಳಿ ಮತ್ತೆ ಹುಲ್ಲು ಎಣಿಸಲು ಬಗ್ಗಿದೆ. ಈ ಸಲ ಡೇರೆ ಎಲ್ಲಿ ಹಾಕಿದಿರಿ? ಗಾಳಿಬಾಯಿಯ ಹತ್ತಿರವೋ, ಮೇಲೆಯೋ? ನಕ್ಷೆಯಲ್ಲಿ ಗುರುತು ಹಾಕಿ ಕಳಿಸಿ.

ಬುರುಲ್

*

ಬೇಸಿಗೆ ಹುಲ್ಲುಗಾವಲು
16 ಆಗಸ್ಟ್ 1998, ಭಾನುವಾರ

ಪುಟ್ಟೀ,

ಮಧ್ಯಾಹ್ನ ಎರಡು. ಇವತ್ತು ಕುದುರೆ ಹಾಲು ಆರು ಸಲ ಕರೆದೆ. ಮೊಸರುಂಡೆಗಳನ್ನು ಡೇರೆಯ ಮೇಲೆ ಒಣಗಲು ಹಾಕಿದ್ದೇನೆ. ಇದೂ ನೋಟ್‌ಬುಕ್ಕಿಗೇ.

ನಿನ್ನ ಜುಲೈ ಕಾಗದವನ್ನು ಪೇಟೆಯಿಂದ ಬಂದವರು ನಿನ್ನೆ ತಂದರು. ಡೇರೆ ಎಲ್ಲಿ ಹಾಕಿದಿರಿ ಎಂದು ಕೇಳಿದ್ದೀಯ. ಗಾಳಿಬಾಯಿಯ ಕೆಳಗೆ ಹಾಕಿದ್ದೇವೆ. ಮಾವ ಇದ್ದಿದ್ದರೆ ಅಲ್ಲಿ ಹಾಕಲು ಬಿಡುತ್ತಿರಲಿಲ್ಲ, ಎರಡು ಸಲ ಹಾರಿಹೋಯಿತು.

ಪಕ್ಕದ ಡೇರೆಯ ಬೂಬುಶ್ ಹಾಲು ಕೇಳಲು ಬಂದು ಎಲ್ಲರೆದುರು ಅಂದಳು, "ಅಪ್ಪ ಕರೀತಿದ್ದಾನೆ ಅಂತ ಬರೆದರೂ ಬರಲಿಲ್ಲವಂತೆ? ಅಮೆರಿಕದ ನೀರು ಕುಡಿದ ಮೇಲೆ ಇಲ್ಲಿನ ನೀರು ವಾಸನೆ ಬರುತ್ತೆ ಬಿಡಿ." ಹೆಂಗಸರು ನಕ್ಕರು. ನಿನ್ನ ಪರವಾಗಿ ಮಾತಾಡಬೇಕಾದವಳು ನಾನೊಬ್ಬಳೇ ಇದ್ದೆ. ಹಾಲು ಅಳೆದು ಕೊಟ್ಟೆ.

ನಿಮ್ಮಣ್ಣ ಅದನ್ನು ಕೇಳಿಸಿಕೊಂಡರು. ಇವತ್ತು ಬೆಳಿಗ್ಗೆ ನನ್ನ ಪೆನ್ನು ತೆಗೆದುಕೊಂಡು ತಾವೇ ನಿನಗೊಂದು ಕಾಗದ ಬರೆದರು. "ನೀವು ಯಾಕೆ, ನಾನೇ ಬರೀತೀನಲ್ಲ" ಅಂದೆ. "ನೀನು ಬರೆದಿದ್ದು ಸಾಕು, ಮೆತ್ತಗೆ ಬರೀತೀಯ" ಅಂದರು. ಅದನ್ನು ತೆಗೆದುಕೊಂಡು ಕುದುರೆ ಹತ್ತಿ ಹೋದರು. ನಾನು ಬಾ ಎಂದು ಬರೆದಿಲ್ಲ, ಬೇಡ ಎಂದು ಬರೆದೆ. ಅದನ್ನು ಆಗಲೇ ಹೇಳಬಹುದಿತ್ತು, ಅವರು ಕುದುರೆಗೆ ಜೀನು ಕಟ್ಟುವಷ್ಟು ಹೊತ್ತು ಇತ್ತು.

ನಿನ್ನ ಓದು ಉಳಿಸಿದೆ ಎಂದುಕೊಂಡಿದ್ದೆ. ಮಾವ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಈಗ ಯೋಚಿಸಿದರೆ, ಅವರು ನಿನ್ನನ್ನೇ ಕೇಳುತ್ತಿದ್ದರು ಅನ್ನಿಸುತ್ತದೆ. ನನಗೆ ಅದು ಹೊಳೆಯಲೇ ಇಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಕೇಳುವುದು ಎಂಬುದೊಂದಿದೆ ಎಂದೇ ಮರೆತಿದ್ದೆ.

*

ಲಿಂಕನ್
4 ಅಕ್ಟೋಬರ್ 1998

ಅತ್ತಿಗೆ,

ಎಸೆನ್ ಅಣ್ಣನ ಕಾಗದ ಬಂತು. ಮೊದಲ ಸಲ ಅಣ್ಣನೇ ಬರೆದಿದ್ದಾರೆ. "ಅಪ್ಪ ಜೂನ್‌ನಲ್ಲಿ ಬಾ ಅಂತ ಬಾಯಿಬಿಟ್ಟು ಬರೆಸಿದರೂ ನೀನು ಬರಲಿಲ್ಲ. ಊರಲ್ಲಿ ನಾನು ಮುಖ ಎತ್ತಿ ಓಡಾಡೋ ಹಾಗಿಲ್ಲ." ಇಷ್ಟೇ ಇದೆ.

ನಿಮ್ಮ ಮಾರ್ಚ್ ಕಾಗದವನ್ನು ಅದರ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ಅದರಲ್ಲಿ ಬೇಡ ಎಂದಿದೆ. ಒಂದೇ ಬಾಯಿ ಎರಡು ಮಾತು ಹೇಳಿರಲಾರದು.

ನೇರವಾಗಿ ಕೇಳುತ್ತೇನೆ. ಅಪ್ಪ ಇದ್ದಾರಾ?

ಬುರುಲ್

*

ಕಿಜಿಲ್-ಜಾರ್
1 ನವೆಂಬರ್ 1998, ಭಾನುವಾರ

ಪುಟ್ಟೀ,

ಬೆಳಿಗ್ಗೆ ಹತ್ತು ಗಂಟೆ. ಮೊದಲ ಹಿಮ ಬಿತ್ತು. ಆಲೂಗಡ್ಡೆಯನ್ನೆಲ್ಲ ನೆಲಮಾಳಿಗೆಗೆ ಇಳಿಸಿ ಬಂದು ಕೂತಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳದೆ ಬರೆಯುತ್ತಿದ್ದೇನೆ. ಹೊರಗಿನ ಲಕೋಟೆಯಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ, ಒಳಗಿನದನ್ನು ಒಬ್ಬಳೇ ಒಡೆಯಬೇಡ, ನಿನಗಿಂತ ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ ಎಂದು. ಹಾಗೆ ಮಾಡಿದ್ದೀಯ ಎಂದುಕೊಂಡು ಬರೆಯುತ್ತೇನೆ.

ನಮ್ಮ ಹಿರಿಯರು ಹೋದರು. ಫೆಬ್ರವರಿ ಹದಿನೇಳು, ಮಂಗಳವಾರ, ಮಧ್ಯಾಹ್ನಕ್ಕೆ ಮುಂಚೆ. ನೋವಿರಲಿಲ್ಲ. ಕುರಿಗಳ ಜೊತೆಯಲ್ಲಿದ್ದರು. ಊರೆಲ್ಲ ಬಂದಿತ್ತು.

ಮನೆತನದ ಉಳಿದ ಹಿರಿಯರು ನಿನ್ನನ್ನು ಕರೆಸಿ ಬಾಯಲ್ಲೇ ಹೇಳಬೇಕೆಂದಿದ್ದರು. ಬಾ ಎಂದು ಬರೆಯಲು ನನಗೆ ಹೇಳಿದರು. ನಾನು ಬೇಡ ಎಂದು ಬರೆದೆ. ಬಂದರೆ ನಿನ್ನನ್ನು ಮತ್ತೆ ಕಳಿಸುವುದಿಲ್ಲ ಎಂದು ನಿನ್ನ ಚಿಕ್ಕಪ್ಪ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಮಾತೂ ಆಯಿತು. ಮಾರ್ಚ್‌ನಲ್ಲಿ ಮಾವನ ಮಾತೆಂದು ಬರೆದದ್ದೆಲ್ಲ ನನ್ನದು. ಹತ್ತರಿಂದ ಇಪ್ಪತ್ತರವರೆಗಿನ ಹೆಸರುಗಳೂ ನನಗೆ ಗೊತ್ತಿದ್ದಷ್ಟೇ. ಹದಿನೇಳು, ಹದಿನೆಂಟು ಸರಿಯಿಲ್ಲದೆಯೂ ಇರಬಹುದು.

ನಿನ್ನ ಮೇಲೆ ಬಂದ ಮಾತುಗಳೆಲ್ಲ ನನ್ನಿಂದ ಬಂದವು. ಫೆಬ್ರವರಿ ಇಪ್ಪತ್ತಕ್ಕೆ ವರ್ಷದ ಊಟ ಇಟ್ಟಿದ್ದಾರೆ. ಬಾ ಎಂದೂ ಬೇಡ ಎಂದೂ ಇನ್ನು ನಾನು ಬರೆಯುವುದಿಲ್ಲ.

ಶಾರಿಪಾ

*

ಲಿಂಕನ್
10 ಜನವರಿ 1999

ಅತ್ತಿಗೆ,

ನಿಮ್ಮ ಕಾಗದ ಬಂದು ಆರು ವಾರವಾಯಿತು. ಲಕೋಟೆಯೊಳಗೆ ಲಕೋಟೆ ನೋಡಿದಾಗಲೇ ಗೊತ್ತಾಯಿತು. ಆದರೂ ನೀವು ಹೇಳಿದಂತೆ ಲಿಂಡ್‌ಕ್ವಿಸ್ಟ್ ಮೇಡಂ ಮನೆಗೆ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತು ಒಡೆದೆ. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ಹೇಗೆ ಹಿಡಿದುಕೊಳ್ಳಬೇಕು ಎಂಬುದೂ ಗೊತ್ತಿಲ್ಲ. ನಾನು ಗೋಡೆಗೆ ಮುಖ ಮಾಡಿ ತಿರುಗಿ ಕೂತೆ. ಕೋಪ ಬಂದಿದೆ ಎಂದುಕೊಂಡು ಅವರು ಎದ್ದು ಬೇರೆ ಕೋಣೆಗೆ ಹೋದರು, ನನ್ನನ್ನು ನನ್ನ ಪಾಡಿಗೆ ಬಿಡಬೇಕೆಂದು. ಅದು ಅವರ ಮರ್ಯಾದೆ. ಹಾಡಲು ಬಾಯಿ ತೆಗೆದೆ, ಸ್ವರ ಬರಲಿಲ್ಲ. ಗೋಡೆಯ ಮೇಲೆ ಅವರ ಮೊಮ್ಮಕ್ಕಳ ಫೋಟೋಗಳಿದ್ದವು. ಅವನ್ನೇ ನೋಡುತ್ತಾ ಕೂತಿದ್ದೆ.

ನಿಮ್ಮ ಮೇಲೆ ನನಗೆ ಕೋಪವಿದೆ. ಚಿಕ್ಕಪ್ಪ ತಡೆದಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆನೋ, ಬೇಲಿ ಹಾರಿ ಬರುತ್ತಿದ್ದೆನೋ, ಅದನ್ನು ತಿಳಿಯುವ ಹಕ್ಕು ನನ್ನದಿತ್ತು. ನೀವು ನನ್ನನ್ನು ಹೇನು ತುಂಬಿದ ತಲೆಯವಳೆಂದೇ ಇನ್ನೂ ತಿಳಿದಿದ್ದೀರಿ.

ಆದರೆ ಇನ್ನೊಂದು ಇದೆ. ಅದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ. ಮಾರ್ಚ್‌ನಲ್ಲಿ ಆ ಕಾಗದ ಬಂದ ದಿನ ಹದಿನಾಲ್ಕನೇ ಸಾಲನ್ನು ದೀಪಕ್ಕೆ ಹಿಡಿದು ನೋಡಿದೆ, ಅಪ್ಪ ಬರೆದು ಅಳಿಸಿರಬಹುದಾ ಎಂದು. ಇರಲಿಲ್ಲ. ಅಪ್ಪ ಪೆನ್ನು ಬಿಟ್ಟುಕೊಡುವವರಲ್ಲ. ಕೈ ಮುರಿದಿದ್ದರೆ ಎಡಗೈಯಲ್ಲಿ ಬರೆಯುತ್ತಿದ್ದರು. ಅದು ನನಗೆ ಆ ಕ್ಷಣವೇ ಗೊತ್ತಿತ್ತು. ಕಾಗದವನ್ನು ಮಡಿಸಿ, ಮೆಟ್ಟಿಲು ಹತ್ತಿ, ಮೇಡಂ ಕೋಣೆಗೆ ಹೋಗಿ ಸಹಿ ಹಾಕಿದೆ. ಆಮೇಲೆ ನಿಮಗೆ ಕೈ ಬಗ್ಗೆ ಕೇಳಿ ಬರೆದೆ. ನೀವು ನಡುಗುತ್ತದೆ ಎಂದು ಉತ್ತರಿಸಿದಿರಿ. ಅದು ಸುಳ್ಳೆಂದು ಗೊತ್ತಿದ್ದೂ ನಿಮಗೆ ಋಣಿಯಾಗಿದ್ದೆ. ನೀವು ಒಂದು ಸುಳ್ಳು ಹೇಳಿದಿರಿ, ನಾನು ಅದರ ಮೇಲೆ ಬೇಸಿಗೆಯಿಡೀ ಮಲಗಿದೆ.

ನಕ್ಷೆ ಮುಗಿದಿದೆ. ಹದಿನಾಲ್ಕನ್ನು "ದೊಡ್ಡವರ ದಾರಿ" ಎಂದೇ ಬರೆದಿದ್ದೇನೆ. "ಈ ಹೆಸರು ಖಚಿತವಾ?" ಎಂದು ಮೇಡಂ ಕೇಳಿದರು. ಹೌದು ಅಂದೆ. ನಮ್ಮ ಕಣಿವೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ತಿದ್ದಲು ಕೂತಾಗಲೆಲ್ಲ ಮಾರ್ಚ್‌ನ ಆ ದಿನ ನೆನಪಾಗುತ್ತಿತ್ತು, ಎದ್ದುಬಿಡುತ್ತಿದ್ದೆ. ಹಾಗೇ ಅಚ್ಚಾಗಿದೆ.

ವರ್ಷದ ಊಟಕ್ಕೆ ಬರುತ್ತಿಲ್ಲ. ನನ್ನ ವೀಸಾ ಮುಗಿದಿದೆ, ಹೊರಗೆ ಹೋದರೆ ಹೊಸದು ಕೇಳಬೇಕು, ಪ್ರಬಂಧ ಏಪ್ರಿಲ್‌ನಲ್ಲಿ ಒಪ್ಪಿಸಬೇಕು ಎಂದು ಅಣ್ಣನಿಗೆ ಬರೆದಿದ್ದೇನೆ. ಅದೂ ನಿಜವೇ. ಆದರೆ ಬರದಿರುವುದು ಅದಕ್ಕಲ್ಲ. ಅಪ್ಪ ಸತ್ತಿದ್ದಾರಾ ಎಂದು ಕೇಳಲು ಆರು ತಿಂಗಳು ತೆಗೆದುಕೊಂಡವಳು ಹೆಂಗಸರ ನಡುವೆ ಕೂತು ಅಪ್ಪಾ ಎಂದು ಹಾಡುವುದು ಹೇಗೆ?

ಬುರುಲ್

*

ಕಿಜಿಲ್-ಜಾರ್
19 ಫೆಬ್ರವರಿ 1999, ಶುಕ್ರವಾರ

ಪುಟ್ಟೀ,

ಸಂಜೆ ಐದು ಗಂಟೆ. ಬೆಳಿಗ್ಗೆಯಿಂದ ಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿದೆವು, ಎಂಟು ಹೆಂಗಸರು. ಅಂಗಳದಲ್ಲಿ ಮೂರು ಡೇರೆ ಹಾಕಿದ್ದಾರೆ. ಎರಡು ಕುದುರೆ ಕಡಿದಿದ್ದಾರೆ. ಚಳಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ, ಮಾಂಸ ಕೊಕ್ಕೆಯಲ್ಲೇ ಕಲ್ಲಾಗಿದೆ.

ನಿನ್ನ ಕಾಗದ ಹತ್ತನೇ ತಾರೀಖು ತಲುಪಿತು. ಅದರಲ್ಲಿರುವುದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನ್ನದನ್ನು ಮಾತ್ರ ಹೇಳಿದೆ. ಊಟದ ವಿಷಯ ಮಾತಾಡಲು ಹಿರಿಯರು ಮಾರನೇ ದಿನ ಸೇರಿದ್ದರು. ಮಗಳು ವರ್ಷಕ್ಕೂ ಬರುವುದಿಲ್ಲವಂತೆ ಎಂದು ಬೂಬುಶ್ ಬಾಗಿಲಲ್ಲಿ ನಿಂತು ಶುರುಮಾಡಿದಳು. ನಾನು ಚಹಾದ ಕೆಟಲ್ ಕೆಳಗಿಟ್ಟೆ.

"ಅವಳ ತಪ್ಪಿಲ್ಲ. ನೀವು ಬಾ ಅಂತ ಬರೀ ಅಂದಿರಿ. ನಾನು ಬರಬೇಡ ಅಂತ ಬರೆದೆ. ಮಾವನೇ ಹೇಳಿದ್ದು ಅನ್ನೋ ಹಾಗೆ ಬರೆದೆ. ನವೆಂಬರ್‌ನಲ್ಲಿ ಸಾವಿನ ಸುದ್ದೀನೂ ನಾನೇ ಕಾಗದದಲ್ಲಿ ತಿಳಿಸಿದೆ."

ಚಿಕ್ಕಮಾವ ಕೇಳಿದರು, "ಸತ್ತವನ ಬಾಯಿಗೆ ನಿನ್ನ ಮಾತು ತುರುಕಿದೆಯಾ?"

"ಹೌದು."

"ಯಾಕೆ?"

"ನೀವು ಪಾಸ್‌ಪೋರ್ಟ್ ಪೆಟ್ಟಿಗೇಲಿಡ್ತೀನಿ ಅಂದಿದ್ದು ಕೇಳಿಸ್ತು."

ಅವರು ನಿಮ್ಮಣ್ಣನ ಕಡೆ ನೋಡಿದರು. ನಿಮ್ಮಣ್ಣ ನೆಲ ನೋಡಿದರು. ಎಲ್ಲರೂ ಹೋದ ಮೇಲೆ ನಿಮ್ಮಣ್ಣ ಒಂದೇ ಮಾತು ಹೇಳಿದರು, "ನನಗಾದರೂ ಹೇಳಬಹುದಿತ್ತು." ಅವರಿಗೆ ಹೇಳಿದ್ದರೆ ಏನಾಗುತ್ತಿತ್ತು ಎಂಬುದು ಈಗ ಇಬ್ಬರಿಗೂ ಗೊತ್ತಾಗುವ ಹಾಗಿಲ್ಲ. ಆ ದಿನದಿಂದ ನಮ್ಮಿಬ್ಬರ ನಡುವೆ ಬೇಕು, ಬೇಡ, ಅಷ್ಟೇ ಮಾತು.

ಬೂಬುಶ್ ಈಗ ನಿನ್ನ ಸುದ್ದಿ ಎತ್ತುವುದಿಲ್ಲ. ನೀನು ಬಂದಾಗ, ಯಾವಾಗ ಬರುತ್ತೀಯೋ ಆಗ, ಹೊಳೆದಾರಿಯಲ್ಲಿ ನಡೆದು ಬಾ, ಯಾರೂ ಏನೂ ಅನ್ನುವುದಿಲ್ಲ. ಅಷ್ಟನ್ನು ನಾನು ಮಾಡಲು ಒಂದು ವರ್ಷ ತೆಗೆದುಕೊಂಡೆ.

ಇವತ್ತು ಮಧ್ಯಾಹ್ನ ಚಿಕ್ಕಮಾವ ಬಂದು ಡೇರೆಯ ಹೊರಗೇ ನಿಂತು ಹೇಳಿದರು. ಸತ್ತವರ ಹೆಸರಲ್ಲಿ ಸುಳ್ಳು ಬರೆದವಳು ಅವರಿಗಾಗಿ ಹಾಡಿ ಅಳುವುದು ಸರಿಯಲ್ಲ, ನಾಳೆ ಹೆಂಗಸರ ಜೊತೆ ಒಳಗೆ ಕೂರುವುದು ಬೇಡ ಎಂದರು. ಆಗಲಿ ಅಂದೆ.

ನಾಳೆ ಜನ ಹತ್ತು ಗಂಟೆಗೆ ಬರಲು ಶುರುಮಾಡುತ್ತಾರೆ. ನಾನು ಹೊರಗೆ ಕಡಾಯಿಗಳ ಹತ್ತಿರ ಇರುತ್ತೇನೆ.

ಶಾರಿಪಾ